ಉಂಗುರ ತೇಯ್ದ ಕಲ್ಲು

ಆ ದೀಪಾವಳಿಗೆ ದೊಡ್ಡಮ್ಮನ ಊರು ಬಾಳೂರಿಗೆ ಹೋದವಳು ಬಾಯಿ ಮುಚ್ಚಿಕೊಂಡು ಬಂದಿದ್ದರೆ ಎಷ್ಟು ಚೆನ್ನಾಗಿತ್ತು! ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಮಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆಗೆ ಸೇರಿದ್ದೆ. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ನ್ಯಾನೊ ಕಣಗಳನ್ನು ತಯಾರಿಸಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳಿಗೆ ಅಂಟಿಸುವುದು ನಮ್ಮ ಕೆಲಸ. ಸೂಕ್ಷ್ಮದರ್ಶಕದಲ್ಲಿ ರೋಗದ ಕೋಶಗಳು ಮಾತ್ರ ಹಳದಿಯಾಗಿ ಹೊಳೆಯುತ್ತಿದ್ದವು. ಲೇಸರ್ ಬೆಳಕು ಬಿಟ್ಟರೆ ಚಿನ್ನ ಕಾದು, ಆ ಕೋಶ ಸಾಯುತ್ತಿತ್ತು.

ಆ ಫೋಟೊವನ್ನು ದೊಡ್ಡಮ್ಮನಿಗೆ ತೋರಿಸಿ ಕೊಚ್ಚಿಕೊಂಡೆ. ಅಮ್ಮನ ಅಕ್ಕ, ನನ್ನನ್ನು ಸಾಕಿದವರು. ಅವರ ಎಡಗೆನ್ನೆಯಲ್ಲಿ ಸದಾ ಎಲೆ-ಅಡಿಕೆ, ಹೊಗೆಸೊಪ್ಪು.

"ಚಿನ್ನ, ಬೆಳಕು, ಅಷ್ಟೇ. ಕತ್ತರಿ ಮುಟ್ಟೋದೇ ಬೇಡ ದೊಡ್ಡಮ್ಮ!"

"ಬಾಯೊಳಗೆ ಆಗಿದ್ದೂ ಹೋಗ್ತದಾ?"

"ನಾವು ಮಾಡ್ತಿರೋದೇ ಬಾಯಿ ಕ್ಯಾನ್ಸರ್‌ಗೆ."

ಯಾಕೆ ಕೇಳಿದರೆಂದು ನಾನು ವಿಚಾರಿಸಲಿಲ್ಲ. ಕಜ್ಜಾಯ ತಿನ್ನುತ್ತಿದ್ದೆ.

ಜನವರಿಯಲ್ಲಿ ಕಾಫಿ ಕುಯ್ಲಿನ ಹೊತ್ತಿಗೆ ಮತ್ತೆ ಹೋದೆ. ಅಂಗಳದ ತುಂಬ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ, ಪಾರ್ಚ್‌ಮೆಂಟ್, ಒಣಗುತ್ತಿತ್ತು. ಅದರ ಪಕ್ಕ ಮಣೆ ಹಾಕಿಕೊಂಡು, ಸೂರ್ಯನಿಗೆ ಮುಖ ಮಾಡಿ, ಬೆರಳಿನಿಂದ ಕೆನ್ನೆ ಎಳೆದು, ಬಾಯಿ ಅಗಲಿಸಿ ದೊಡ್ಡಮ್ಮ ಕೂತಿದ್ದರು. ನನಗೆ ನಗು ಬಂತು.

"ಎಂತ ದೊಡ್ಡಮ್ಮ, ಹಲ್ಲೂ ಒಣಗ್ಸ್ತಿದೀರಾ?"

"ನಿನ್ನ ಔಷಧಿನೇ ಮಾರಾಯ್ತಿ!" ಎಂದು ತೇಯುವ ಕಲ್ಲು ತೋರಿಸಿದರು. ಅದರ ಮೇಲೆ ಜೇನುತುಪ್ಪ, ಅವರ ಮದುವೆಯ ಉಂಗುರ. ಹುಟ್ಟಿದ ಮಗುವಿಗೆ ಚಿನ್ನ ತೇಯ್ದು ಜೇನಿನಲ್ಲಿ ನೆಕ್ಕಿಸುತ್ತಾರಲ್ಲ, ಅದೇ ಕಲ್ಲು. ನನಗೂ ಅದರಲ್ಲೇ ತೇಯ್ದಿದ್ದರಂತೆ. "ದಿನಾ ಹಚ್ಕೊಂಡು ಬಿಸಿಲಿಗೆ ಕೂರ್ತೀನಿ. ನೀನೇ ಹೇಳಿದ್ದಲ್ಲನೇ, ಚಿನ್ನ, ಬೆಳಕು ಅಂತ?"

ಬಗ್ಗಿ ನೋಡಿದೆ. ಕೆನ್ನೆಯೊಳಗೆ ಬಿಳಿ ಮಚ್ಚೆ, ನಡುವೆ ಕೆಂಪು ಹುಣ್ಣು. ಅಂಚು ಮುಟ್ಟಿದರೆ ಗಟ್ಟಿ. ಅಯ್ಯೋ ದೇವರೇ!

"ಯಾವಾಗಿಂದ ಇದು?"

"ನೀನು ಹಬ್ಬಕ್ಕೆ ಬಂದಾಗ ಅಕ್ಕಿಕಾಳಿನಷ್ಟಿತ್ತು. ಡಾಕ್ಟ್ರಿಗೆ ತೋರ್ಸಿದ್ರೆ ಕೊಯ್ತಾರೆ. ನಿನ್ನ ಔಷಧಿಲಿ ಕೊಯ್ಯೋದೇ ಬೇಡ ಅಂದ್ಯಲ್ಲ."

"ನಿಮ್ಗೆ ಬುದ್ಧಿ ಇದ್ಯಾ?" ಎಂದು ಕಿರುಚಿದೆ. ಬುದ್ಧಿ ಇಲ್ಲದವಳು ನಾನು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ; ನನಗೆ ಸೂಕ್ಷ್ಮದರ್ಶಕವೇ ಬೇಕಾಗಿತ್ತು. ಊರಿಗೆಲ್ಲ ಕ್ಯಾನ್ಸರ್ ಹುಡುಕಲು ಹೊರಟವಳು ಎದುರಿಗಿದ್ದ ಬಾಯನ್ನು ಒಮ್ಮೆ ನೋಡಿರಲಿಲ್ಲ. ಇವತ್ತಿಗೂ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮರುದಿನವೇ ಜೀಪಿನಲ್ಲಿ ಘಾಟಿ ಇಳಿಸಿ ಆಸ್ಪತ್ರೆಗೆ ಸೇರಿಸಿದೆ. ಕೆನ್ನೆಯ ಜೊತೆಗೆ ಅರ್ಧ ದವಡೆಯನ್ನೂ ತೆಗೆದರು. "ಹಬ್ಬದ ಹೊತ್ತಿಗೇ ಬಂದಿದ್ರೆ ಸಣ್ಣ ಗಾಯದಲ್ಲಿ ಮುಗೀತಿತ್ತು," ಎಂದರು ಡಾಕ್ಟರು.

ಮಾತಾಡಲಾಗದ ದೊಡ್ಡಮ್ಮನಿಗೆ ಒಂದು ಸ್ಲೇಟು ತಂದುಕೊಟ್ಟಿದ್ದೆ. ನಾಲ್ಕನೆಯ ದಿನ ಅದರ ಮೇಲೆ ಬರೆದರು: "ಉಂಗುರದಲ್ಲಿ ತಾಮ್ರ ಜಾಸ್ತಿ ಇತ್ತೇನೋ. ಅದಕ್ಕೇ ಹಿಡೀಲಿಲ್ಲ."

ನನಗೆ ತಡೆಯಲಾಗಲಿಲ್ಲ. "ಉಂಗುರದ್ದು ತಪ್ಪಲ್ಲ ದೊಡ್ಡಮ್ಮ. ನಮ್ಮ ಔಷಧಿನ ಇನ್ನೂ ಒಂದು ಇಲಿಗೂ ಕೊಟ್ಟಿಲ್ಲ. ಮನುಷ್ಯರಿಗೆ ಬರೋಕೆ ಎಷ್ಟು ವರ್ಷ ಬೇಕೋ ನಂಗೇ ಗೊತ್ತಿಲ್ಲ."

ಅವರು ಸೆರಗಿನಿಂದ ಸ್ಲೇಟು ಒರೆಸಿ ಮತ್ತೆ ಬರೆದರು:

"ಇದನ್ನ ಅವತ್ತೇ ಹೇಳ್ಬಾರ್ದಿತ್ತಾ?"