ಸುತ್ತಿಟ್ಟ ಕೇಬಲ್

ಮೇ ಹನ್ನೊಂದು, ಸಂಜೆ ನಾಲ್ಕೂವರೆ. ಸರ್ ಗಂಜಿಯ ಚಮಚವನ್ನು ಸೀಮೆಸುಣ್ಣದಂತೆ ಮೂರು ಬೆರಳ ತುದಿಯಲ್ಲಿ ಹಿಡಿದು ಕೂತಿದ್ದರು. ಮಂಚದಲ್ಲಿ ಒರಗಿದ್ದ ಅವರ ಹೆಂಡತಿ, ನಮಗೆಲ್ಲ ಆಂಟಿ, ಬಾಯಿ ಬಿಗಿದುಕೊಂಡು ಎದುರಿನ ಟಿವಿಯನ್ನೇ ನೋಡುತ್ತಿದ್ದರು. ಕಪ್ಪು ಪರದೆಯಲ್ಲಿ ‘ನೋ ಸಿಗ್ನಲ್’ ಎಂಬ ಅಕ್ಷರಗಳು ಆ ಮೂಲೆಯಿಂದ ಈ ಮೂಲೆಗೆ ಅಲೆಯುತ್ತಿದ್ದವು.

“ಬಂತು ನೋಡು ಪಂಚಾಂಗ! ಇವತ್ತಿನ ತಾರೀಕು ಬರೆದಾಯ್ತಾ?” ಎಂದರು ಸರ್. ನಾನು ದಿನವೂ ಡೈರಿ ಬರೆಯುವುದನ್ನು ಅವರು ಹೈಸ್ಕೂಲಿನಿಂದಲೂ ಹೀಗೇ ಕೆಣಕುತ್ತಿದ್ದರು.

ಹುದಿಕೇರಿಯಲ್ಲಿ ಅವರು ನಮ್ಮ ಪಕ್ಕದ ಮನೆಯವರು, ನನಗೆ ವಿಜ್ಞಾನ ಕಲಿಸಿದವರು. “ಒಂದು ಸಲಕ್ಕೆ ಒಂದೇ ಬದಲಾಯಿಸು. ಇಲ್ಲದಿದ್ರೆ ಯಾವುದರಿಂದ ಸರಿಹೋಯ್ತು ಅಂತ ದೇವರಿಗೂ ಗೊತ್ತಾಗಲ್ಲ” ಎನ್ನುವುದು ಪ್ರಯೋಗಾಲಯದಲ್ಲಿ ಅವರ ಮಾತು. ಅವರ ಒಬ್ಬನೇ ಮಗ ಬೈಕ್ ಅಪಘಾತದಲ್ಲಿ ಹೋದ. ಮರುವರ್ಷ ಆಂಟಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿತು. ಸರ್ ಟಿವಿಯ ಕೆಳಗೊಂದು ಕಂಪ್ಯೂಟರ್ ಜೋಡಿಸಿ, ಮಗನ ಬಾಲ್ಯದಿಂದ ತಾವು ತೆಗೆದಿದ್ದ ವಿಡಿಯೊಗಳನ್ನೆಲ್ಲ ಅದಕ್ಕೆ ತುಂಬಿದರು. ಮಗ ಪರದೆಗೆ ಬಂದರೆ ಮಾತ್ರ ಆಂಟಿ ಊಟಕ್ಕೆ ಬಾಯಿ ತೆರೆಯುತ್ತಿದ್ದರು.

“ಮೊನ್ನೆಯ ಸಿಡಿಲಿಗೆ ಹೋಯ್ತು” ಎಂದರು ಸರ್. ನಂಬಿದೆ. ನಮ್ಮ ಕಡೆ ಮೊದಲ ಗುಡುಗಿಗೇ ಮನೆಮಂದಿ ಎದ್ದು ಕೈಗೆ ಸಿಕ್ಕಿದ ವಯರನ್ನೆಲ್ಲ ಕೀಳುತ್ತಾರೆ. ಮತ್ತೆ ಸಿಕ್ಕಿಸುವಾಗ ಒಂದಾದರೂ ತಪ್ಪುತ್ತದೆ.

ಅವರು ಕಲಿಸಿದಂತೆಯೇ ಹೊರಟೆ. ರಿಮೋಟಿನಲ್ಲಿ ಸೋರ್ಸ್ ಸರಿಯಿತ್ತು. ಕಂಪ್ಯೂಟರಿನ ದೀಪ ಉರಿಯುತ್ತಿತ್ತು. ಟಿವಿಯ ಹಿಂದೆ ಕೇಬಲ್ ಭದ್ರವಾಗಿತ್ತು.

“ಸಾಕು ಮಾರಾಯ್ತಿ, ಕಾಫಿ ಆರ್ತದೆ.”

“ಇನ್ನೊಂದು ತುದಿ ನೋಡಿ ಬಿಡ್ತೇನೆ ಸರ್.”

ಇನ್ನೊಂದು ತುದಿ ಕಂಪ್ಯೂಟರಿನಲ್ಲಿ ಇರಲಿಲ್ಲ. ಅದನ್ನು ನೀಟಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಸ್ಟ್ಯಾಂಡಿನ ಹಿಂದೆ ಇಡಲಾಗಿತ್ತು. ಸಿಡಿಲಿಗೆ ಹೆದರಿ ಕಿತ್ತವರು ರಬ್ಬರ್ ಬ್ಯಾಂಡ್ ಹುಡುಕುವುದಿಲ್ಲ.

ಸರ್ ತಲೆಯೆತ್ತಲಿಲ್ಲ. “ನಾನೇ ಕಿತ್ತದ್ದು. ಕೊನೇ ವಿಡಿಯೊದಲ್ಲಿ ಅವನು ಬೈಕ್ ಹತ್ತಿ ಗೇಟು ದಾಟ್ತಾನಲ್ಲ, ಆಗ ಇವಳಿಗೆ ಅಳು ಬಂದು ಗಂಜಿ ಶ್ವಾಸಕ್ಕೆ ಹೋಗ್ತದೆ. ಮೊನ್ನೆ ಮುಖ ನೀಲಿಯಾಯ್ತು. ಕಿತ್ತೆ. ಈಗ ಎರಡು ದಿನದಿಂದ ಬಾಯೇ ತೆಗೀತಾ ಇಲ್ಲ. ಹಾಕಿದ್ರೂ ಕಷ್ಟ, ಬಿಟ್ರೂ ಕಷ್ಟ. ನೀನೇ ಹೇಳು, ಎಂಥ ಮಾಡ್ಲಿ?”

ಆಂಟಿಗೆ ಮಾತಿಲ್ಲ, ಆದರೆ ಕಿವಿಯಿದೆ. ಎಲ್ಲವನ್ನೂ ಕೇಳಿಸಿಕೊಂಡು, ಗಂಡನನ್ನು ಬಹಳ ಹೊತ್ತು ನೋಡಿ, ಎಡಗೈಯನ್ನು ಪರದೆಯ ಕಡೆಗೆ ಎತ್ತಿದರು.

ಸರ್ ನನ್ನ ಕೈಯಿಂದ ಕೇಬಲ್ ತೆಗೆದುಕೊಂಡು ತಾವೇ ಸಿಕ್ಕಿಸಿದರು. ಪರದೆ ಕಪ್ಪಾಗಿಯೇ ಉಳಿಯಿತು. ಕೇಬಲ್ ಇಲ್ಲದೆ ಆನ್ ಆಗಿದ್ದ ಕಂಪ್ಯೂಟರ್ ಟಿವಿಯನ್ನು ಗುರುತಿಸಿರಲಿಲ್ಲ. ಆರಿಸಿ ಮತ್ತೆ ಹಾಕಿದೆ. ಚಿತ್ರ ಬಂತು, ಹಲ್ಲುಬಿಟ್ಟು ನಗುವ ಮಗ ಬಂದ. ಆಂಟಿ ಬಾಯಿ ತೆರೆದರು.

ಅಂದಿನಿಂದ ಸರ್ ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ರಿಮೋಟ್ ಹಿಡಿದು ಕೂರುತ್ತಿದ್ದರು. ಮಗ ಬೈಕಿನ ಕೀಲಿಗೆ ಕೈಹಾಕುವ ಮೊದಲೇ ವಿಡಿಯೊ ನಿಲ್ಲಿಸುತ್ತಿದ್ದರು. ಒಂದು ದಿನವೂ ಅವರ ಕೈ ತಪ್ಪಿದ್ದನ್ನು ನಾನು ಕಾಣೆ.

ಆಗಸ್ಟಿನ ಒಂದು ಬೆಳಿಗ್ಗೆ ಅವರ ಅಂಗಳದಲ್ಲಿ ಗುಂಡು ಹಾರಿತು. ನಮ್ಮಲ್ಲಿ ಮನೆಯ ಸಾವನ್ನು ಊರಿಗೆ ಸಾರುವುದು ಕೋವಿಯ ಗುಂಡಿನಿಂದ. ಹೊತ್ತಲ್ಲದ ಹೊತ್ತಿನಲ್ಲಿ ಆ ಸದ್ದು ಕೇಳಿದರೆ ಏನಾಯಿತೆಂದು ಯಾರೂ ಕೇಳುವುದಿಲ್ಲ, ಯಾರು ಎಂದಷ್ಟೇ ಕೇಳುತ್ತಾರೆ. ಸರ್ ನಿದ್ದೆಯಲ್ಲೇ ಹೋಗಿದ್ದರು.

ಈಗ ಆಂಟಿಯ ತಂಗಿ ಗಂಜಿ ಕುಡಿಸುತ್ತಾರೆ, ರಿಮೋಟ್ ನಾನು ಹಿಡಿಯುತ್ತೇನೆ. ಆಂಟಿ ಮಗನನ್ನು ಮೊದಲಿನಂತೆ ನೋಡುವುದಿಲ್ಲ. “ಮಗ, ಇತ್ತ ನೋಡು” ಎಂದು ಸರ್ ದನಿ ಬಂದಾಗ ಪರದೆಯ ಅಂಚಿನಲ್ಲಿ ಹುಡುಕುತ್ತಾರೆ. ಕ್ಯಾಮೆರಾ ಯಾವಾಗಲೂ ಸರ್ ಕೈಯಲ್ಲೇ ಇತ್ತು. ಇದ್ದ ವಿಡಿಯೊಗಳನ್ನೆಲ್ಲ ನೋಡಿದೆ. ಒಂದರಲ್ಲೂ ಅವರಿಲ್ಲ.

ಅವರಲ್ಲಿ ಕಲಿತವರು ಇದನ್ನು ಓದುತ್ತಿದ್ದರೆ, ಶಾಲೆಯ ಪ್ರವಾಸದ್ದೋ ಬೀಳ್ಕೊಡುಗೆಯದ್ದೋ ವಿಡಿಯೊದಲ್ಲಿ ಸರ್ ಒಂದು ಗಳಿಗೆ ಕಂಡರೂ ಸಾಕು, ದಯವಿಟ್ಟು ನನಗೆ ಬರೆಯಿರಿ. ಆಂಟಿ ಊಟ ಕಡಿಮೆ ಮಾಡಿದ್ದಾರೆ.