ಅಂಗೈಗೆ ಸೂತಕವಿಲ್ಲ

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುವುದು ನಮ್ಮ ಮನೆತನದ ಧರ್ಮ. ಕೊರಳಲ್ಲಿ ಧರಿಸಿದ ಕರಡಿಗೆಯಿಂದ ಲಿಂಗವನ್ನು ತೆಗೆದು, ಅಂಗೈಗೆ ಬಿಜಯಂಗೈಸಿ, ಪತ್ರೆ ಏರಿಸಿ, ದೃಷ್ಟಿ ನಿಲ್ಲಿಸಿ ಜಪ ಮಾಡಬೇಕು. ಆ ಹೊತ್ತಿಗೆ ಅಂಗೈಯೇ ಪೀಠ. ಮಠದ ಪಾಠಶಾಲೆಯಲ್ಲಿ ಕಲಿತು, ಅಲ್ಲಿಯೇ ಹತ್ತಾರು ವರ್ಷ ಕಲಿಸಿದ ಈ ಕ್ರಮವನ್ನು ಎಪ್ಪತ್ತು ದಾಟಿದ ಮೇಲೂ ಬಿಟ್ಟವನಲ್ಲ.

ಕಳೆದ ವರ್ಷ ಪಾರ್ಶ್ವವಾಯು ಬಡಿದು ಎಡಗೈ ಮುಷ್ಟಿಯಾಗಿ ಮುಚ್ಚಿಕೊಂಡಿತು. ಮಾತು ಮರಳಿತು, ಕಾಲು ಹೇಗೋ ನಡೆಯತೊಡಗಿತು; ಅಂಗೈ ಮಾತ್ರ ತೆರೆಯಲಿಲ್ಲ. ನನ್ನ ಪತ್ನಿ ಲಿಂಗವನ್ನು ಪುಟ್ಟ ಮಣೆಯ ಮೇಲಿಡುತ್ತಿದ್ದಳು; ನಾನು ಬಲಗೈಯಿಂದ ಪತ್ರೆ ಏರಿಸುತ್ತಿದ್ದೆ. ಪೂಜೆಗೆ ಲೋಪವಿಲ್ಲವೆಂದು ಎಲ್ಲರೂ ಸಮಾಧಾನ ಹೇಳಿದರು. ಪೀಠ ನನ್ನದಲ್ಲ ಎಂಬುದು ನನಗೆ ಗೊತ್ತಿತ್ತು.

ನರಸೀಪುರದಿಂದ ಬಸ್ಸಿನಲ್ಲಿ ನಂಜನಗೂಡಿಗೆ ಹೋಗಿ ಫಿಸಿಯೋಥೆರಪಿ ಮಾಡುವ ಹೆಣ್ಣುಮಗಳೊಬ್ಬಳಿಗೆ ಕೈ ತೋರಿಸಿದೆವು. ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯನ್ನು ಮೇಜಿಗೆ ಒತ್ತಿ ಹಿಡಿದಳು.

"ದಿನಾ ಬೆಳಿಗ್ಗೆ ಸಾಯಂಕಾಲ ಇಂಗೇ ಮಾಡ್ಬೇಕು ಸಾ. ಈಗಿನ್ನೂ ಮೆತ್ತಗೈತೆ. ಅಂಗೇ ಬಿಟ್ರೆ ಗಿಣ್ಣು ಬಿಗ್ದೋಯ್ತದೆ. ಆಮೇಲೆ ನಾನು ಕೂತ್ಕಂಡು ಅತ್ರೂ ಬರಾಕಿಲ್ಲ."

"ಲಿಂಗ ಕೂರುವಷ್ಟು ಬಿಚ್ಚೀತೇನಮ್ಮ?"

"ಬಿಚ್ತದೆ ಸಾ. ಆದ್ರೆ ಬಿಚ್ಚೋಳು ನಾನಲ್ಲ, ನೀವು."

ನಾನು ಅದನ್ನು ವ್ರತವೆಂದು ಕೈಗೊಂಡೆ. ಸೋಮವಾರ ನೋಡಿ, ಮಿಂದು ಮಡಿಯುಟ್ಟು, ಸಂಕಲ್ಪ ಹೇಳಿ ತೊಡಗಿದೆ. ಬೆರಳು ಬಿಡಿಸುವಾಗ ನೋವು ಹೆಗಲವರೆಗೆ ಹತ್ತುತ್ತಿತ್ತು. ಪಂಚಾಕ್ಷರಿ ಜಪಿಸುತ್ತ ತಡೆದುಕೊಳ್ಳುತ್ತಿದ್ದೆ. ಕೆಲವು ವಾರಗಳಲ್ಲಿ ಹೆಬ್ಬೆರಳೂ ತೋರುಬೆರಳೂ ಸಡಿಲಗೊಂಡವು.

ಅಷ್ಟರಲ್ಲಿ ಹೆಡತಲೆ ಗ್ರಾಮದಲ್ಲಿದ್ದ ಅಣ್ಣ ಲಿಂಗೈಕ್ಯನಾದ. ನಮ್ಮಲ್ಲಿ ದೇಹವನ್ನು ಕೂರಿಸಿ, ಎಡ ಅಂಗೈಯಲ್ಲಿ ಅವರವರ ಲಿಂಗವನ್ನಿಟ್ಟು ಸಮಾಧಿ ಮಾಡುತ್ತಾರೆ. ಅಣ್ಣನದೇ ಹೊಲದಲ್ಲಿ ತೋಡಿದ ಗುಣಿಗೆ ಇಳಿದ ಜಂಗಮರು ಅವನ ಬೆರಳುಗಳನ್ನು ಹಿಡಿದರು. ಅವು ಸುಮ್ಮನೆ ಬಿಚ್ಚಿಕೊಂಡವು. ಲಿಂಗ ಅಂಗೈಯಲ್ಲಿ ಕುಳಿತಿತು. ಗುಣಿಯ ಅಂಚಿನಲ್ಲಿ ನಿಂತಿದ್ದ ನನ್ನ ಎಡಗೈ ಶಾಲಿನೊಳಗೆ ಮುಷ್ಟಿಯಾಗಿಯೇ ಇತ್ತು. ಪತ್ರೆ ಬಿತ್ತು, ವಿಭೂತಿ ಬಿತ್ತು, ಆಮೇಲೆ ಮಣ್ಣು.

ಉಳಿದ ಕಾರ್ಯಗಳು ಮುಗಿಯುವವರೆಗೆ ಅಲ್ಲಿಯೇ ಇದ್ದೆ. ದುಃಖದ ಮನೆಯಲ್ಲಿ ನಂಟರೆದುರು ನನ್ನ ಕೈಯನ್ನು ನೀವಿಕೊಂಡು ಕೂರುವುದು ಸಲ್ಲದೆಂದು ಅಭ್ಯಾಸ ನಿಂತಿತು. ಮನೆಗೆ ಮರಳಿದ ಮೇಲೂ ತೊಡಗಲಿಲ್ಲ. ವ್ರತ ಭಂಗವಾಗಿದೆ, ಭಂಗವಾದದ್ದನ್ನು ನಡುವಿನಿಂದ ಎತ್ತಿಕೊಳ್ಳಲಾಗದು, ಶುಭದಿನದಲ್ಲಿ ಹೊಸದಾಗಿ ಸಂಕಲ್ಪಿಸಬೇಕು ಎಂಬುದು ನನ್ನ ಎಣಿಕೆ. ಶ್ರಾವಣ ಬರಲಿ ಎಂದೆ. ಶ್ರಾವಣದಲ್ಲಿ ಜ್ವರ ಬಂತು. ಕಾರ್ತಿಕ ಬರಲಿ ಎಂದೆ. ಶಾಸ್ತ್ರದ ಮಾತಿನಂತೆ ಕೇಳಿಸುತ್ತಿದ್ದುದರಿಂದ ಅದು ಆಲಸ್ಯವೆಂದು ನನಗೇ ತೋರಲಿಲ್ಲ.

ಒಂದು ಬೆಳಿಗ್ಗೆ ಮಣೆ ಒರೆಸುತ್ತಿದ್ದ ಪತ್ನಿ ಕೇಳಿದಳು: "ಕೈ ಬಿಡ್ಸೋದು ಯಾವಾಗಿಂದ ಸುರು ಮಾಡ್ತೀರಿ?"

"ಕಾರ್ತಿಕದ ಮೊದಲ ಸೋಮವಾರ."

"ಉಣ್ಣಕ್ಕೂ ಸೋಮ್ವಾರ ಕಾಯ್ತೀರಾ?"

"ವ್ರತ ಮುರಿದಿದೆ ಕಣೇ. ಅಣ್ಣ ಹೋದಾಗ..."

"ಅವ್ರು ಹೋದ್ ದಿನ ಪೂಜೆ ಬಿಟ್ರಾ?"

"ಅದನ್ನು ಹೇಗೆ ಬಿಡಲಿ? ಲಿಂಗಕ್ಕೆ ಸೂತಕವಿಲ್ಲ."

"ಊರ್ಗೆಲ್ಲಾ ಅದ್ನೇ ಏಳ್ಕೊಟ್ರಲ್ಲ. ಲಿಂಗ ಕೂರೋ ಕೈಗೆ ಎಲ್ಲಿಂದ ಬಂತ್ರೀ ಸೂತ್ಕ?"

ಅವಳು ಮಣೆಯನ್ನು ಬದಿಗಿಟ್ಟು, ನನ್ನ ಮುಷ್ಟಿಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಬಿಡಿಸತೊಡಗಿದಳು. ಅಂದು ಮಂಗಳವಾರ, ಅದೂ ಅಮಾವಾಸ್ಯೆ. ಹೆಬ್ಬೆರಳು ಬಂತು, ತೋರುಬೆರಳು ಅಷ್ಟಿಷ್ಟು ಬಂತು. ಉಳಿದವು ಹುಣಸೆಯ ಬೇರಿನಂತೆ ಬಿಗಿದಿದ್ದವು.

ಮತ್ತೆ ನಂಜನಗೂಡಿಗೆ ಹೋದೆವು. ಆ ಹೆಣ್ಣುಮಗಳು ಗಿಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು.

"ಬಿಟ್ಬುಟ್ಟಿದ್ರಾ ಸಾ?"

"ಬಿಟ್ಟಿದ್ದೆ."

"ಈ ಮೂರು ಬೆರಳು ಇನ್ನು ಪೂರ್ತಿ ಬರಾಕಿಲ್ಲ. ಸುಳ್ಳು ಏಳಾಕಿಲ್ಲ ನಿಮ್ಗೆ. ಮಾಡ್ತಾ ಇದ್ರೆ ಇರೋದಾದ್ರೂ ಉಳ್ಕೊತದೆ."

ಬರುವಾಗ ಬಸ್ಸಿನಲ್ಲಿ ಪತ್ನಿ ಕಿಟಕಿಯಾಚೆಯ ಗದ್ದೆಗಳನ್ನೇ ನೋಡುತ್ತ ಕುಳಿತಿದ್ದಳು.

ಈಗ ಈ ಅಭ್ಯಾಸಕ್ಕೆ ಸಂಕಲ್ಪವಿಲ್ಲ, ತಿಥಿವಾರಗಳಿಲ್ಲ. ಬೆಳಿಗ್ಗೆ ಬೆರಳು ಬಿಡಿಸದೆ ಕರಡಿಗೆಯನ್ನು ಮುಟ್ಟುವುದಿಲ್ಲ. ಪೂಜೆಯನ್ನು ಬಿಡಲಾರದವನು ಇದನ್ನೂ ಬಿಡಲಾರ. ಸಂಜೆಯದು ಎಂದಾದರೂ ತಪ್ಪಿದರೆ ಮರುಬೆಳಿಗ್ಗೆ ಸುಮ್ಮನೆ ಮುಂದುವರಿಸುತ್ತೇನೆ. ಮೊದಲಿನಿಂದ ಎಂಬ ಮಾತನ್ನು ಕೈಬಿಟ್ಟಿದ್ದೇನೆ. ಇಷ್ಟು ಸಣ್ಣ ಸಂಗತಿ ಅಂದೇ ತಿಳಿಯಬಹುದಿತ್ತು.

ಅಂಗೈ ಅರ್ಧ ತೆರೆಯುತ್ತದೆ. ಒಮ್ಮೆ ಲಿಂಗವನ್ನಿಟ್ಟು ನೋಡಿದೆ. ಆ ಓರೆಯಲ್ಲಿ ಅದು ನಿಲ್ಲಲಿಲ್ಲ. ಜಾರಿದ್ದನ್ನು ಪತ್ನಿ ಸೆರಗಿನಲ್ಲಿ ಹಿಡಿದಳು. ನೆಲ ಮುಟ್ಟಲಿಲ್ಲ, ಶಿವನ ದಯೆ. ಆ ಬಳಿಕ ಇಬ್ಬರೂ ಆ ಮಾತೆತ್ತಿಲ್ಲ. ಲಿಂಗ ಮಣೆಯ ಮೇಲೆಯೇ ಪೂಜೆಗೊಳ್ಳುತ್ತಿದೆ.

ನನ್ನ ಅಂಗೈಯಲ್ಲಿ ಅದು ಮತ್ತೆ ಕೂರುವುದು ಯಾವಾಗ ಎಂಬುದನ್ನು ಹೆಡತಲೆಯ ಹೊಲದಲ್ಲಿ ಕಂಡಿದ್ದೇನೆ. ನನ್ನ ಗುಣಿಗೆ ಇಳಿಯುವ ಜಂಗಮರು ಅಂದು ಈ ಬೆರಳುಗಳೊಡನೆ ಸೆಣಸಬೇಕಾಗಿ ಬಾರದಿರಲಿ. ಅದಕ್ಕಾಗಿ ಈ ಬೆಳಿಗ್ಗೆಯೂ ಬಿಡಿಸಿದ್ದೇನೆ.