ಕಟ್ಟೆಯ ಮೇಲೆ ಯಾರೂ ಇಲ್ಲ

ನಾನು ಬಸವನ ಬಾಗೇವಾಡಿಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆಯ ಮಾಸ್ತರನಾಗಿದ್ದೆ. ಕ್ಯಾಮೆರಾ ನನ್ನ ಚಟ. ವಿಜಯಪುರದ ಸ್ಟುಡಿಯೋದವರೊಬ್ಬರು ಮಾರಿದ ಹಳೆಯ ಕ್ಯಾಮೆರಾ ಕೈಗೆ ಬಂದ ಮೇಲೆ ನನ್ನ ರವಿವಾರಗಳೆಲ್ಲ ಅದಕ್ಕೇ ಹೋದವು. ಲೆನ್ಸಿನ ಉಂಗುರ ತಿರುಗಿಸುತ್ತಿದ್ದಂತೆ ಮಸುಕಾಗಿದ್ದ ಗೋಡೆ ತಟ್ಟನೆ ಸ್ಪಷ್ಟವಾಗುತ್ತದಲ್ಲ, ಆ ಸುಖಕ್ಕೆ ನಾನು ಮನೆಯ ಎಷ್ಟೋ ಕೆಲಸ ಬಿಟ್ಟಿದ್ದೇನೆ. ಒಂದು ರೀಲಿನಲ್ಲಿ ಮೂವತ್ತಾರು ಚಿತ್ರ. ಹಾಗಾಗಿ ಒಂದೊಂದಕ್ಕೂ ಬಹಳ ಯೋಚಿಸುತ್ತಿದ್ದೆ. ಯೋಚಿಸುತ್ತಿದ್ದದ್ದು ಬೆಳಕಿನ ಬಗ್ಗೆ ಮಾತ್ರ.

ಕೃಷ್ಣೆಯ ಹಿನ್ನೀರಿನಲ್ಲಿ ಹಳೇ ಕೊಲ್ಹಾರ ಮುಳುಗುವುದು ಖಚಿತವಾದಾಗ ಬಸ್ಸು ಹತ್ತಿ ಮತ್ತೆ ಮತ್ತೆ ಅಲ್ಲಿಗೆ ಹೋದೆ. ಜನ ಬಾಗಿಲು, ತೊಲೆ ಕಿತ್ತು ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ನಾನು ಗೋಡೆಗಳ ಮೇಲಿನ ನೆರಳು ಹುಡುಕುತ್ತಿದ್ದೆ. ಒಂದು ಓಣಿಯಲ್ಲಿ ಕಲ್ಲಿನ ಕಟ್ಟೆಯಿದ್ದ ಮನೆ ಕಂಡಿತು. ಎಳೆ ಬಿಸಿಲು ಕಟ್ಟೆಯ ಮೇಲೆ ಓರೆಯಾಗಿ ಬಿದ್ದಿತ್ತು. ಸರಿಯಾಗಿ ಅದರ ನಡುವೆ ಒಬ್ಬ ಮುದುಕಿ ಕೂತು ಶೇಂಗಾ ಸುಲಿಯುತ್ತಿದ್ದಳು.

"ಯವ್ವಾ, ಸ್ವಲ್ಪ ಬಾಜೂಕ ಸರಿತೀಯೇನು? ಕಟ್ಟಿ ಫೋಟೊ ತಗೀಬೇಕು," ಎಂದೆ.

"ನಂದೂ ಒಂದು ತಗೀಯಪ್ಪ," ಎಂದು ಅವಳು ಸೆರಗು ಸರಿಮಾಡಿಕೊಂಡಳು.

"ಆಮ್ಯಾಲ ತಗೀತೇನಿ."

ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ನಾನು ಕಟ್ಟೆಯ ನಾಲ್ಕು ಚಿತ್ರ ತೆಗೆದೆ. ರೀಲು ಮುಗಿಯಿತು. ಅದನ್ನು ಅವಳಿಗೆ ಹೇಳದೆ ಬಸ್ಸು ಹಿಡಿಯಲು ಓಡಿದೆ.

ಊರು ಮುಳುಗಿ ಎಷ್ಟೋ ವರ್ಷಗಳಾದ ಮೇಲೆ, ಹೋದ ವರ್ಷ, ಆ ಜನ ನೆಲೆಸಿದ ಹೊಸ ಕೊಲ್ಹಾರದ ಶಾಲೆಯೊಂದರಲ್ಲಿ ಆ ಚಿತ್ರಗಳ ಪ್ರದರ್ಶನ ಇಟ್ಟರು. ನಲವತ್ತು ಚಿತ್ರಗಳನ್ನು ದೊಡ್ಡದು ಮಾಡಿಸಿ ಒಯ್ದಿದ್ದೆ. ಹೊಗಳಿಕೆಯ ಆಸೆಯಿತ್ತು, ಸುಳ್ಳೇಕೆ ಹೇಳಲಿ. ಆದರೆ ಬಂದವರು ಚಿತ್ರಕ್ಕೆ ಮೂಗು ತಾಗಿಸುವಷ್ಟು ಹತ್ತಿರ ಹೋಗಿ ಏನನ್ನೋ ಹುಡುಕುತ್ತಿದ್ದರು.

"ಓಣಿ ನಮ್ದಽ ಐತ್ರಿ," ಎಂದ ಒಬ್ಬ ಹಿರಿಯ. "ಮಂದಿ ಎಲ್ಲಿ ಹೋದ್ರು?"

ನಾನು ಸಾಲಿನುದ್ದಕ್ಕೂ ಮತ್ತೊಮ್ಮೆ ನೋಡಿದೆ. ನಲವತ್ತರಲ್ಲಿ ಒಂದೂ ಮುಖವಿರಲಿಲ್ಲ.

ಕಟ್ಟೆಯ ಚಿತ್ರದೆದುರು ವಯಸ್ಸಾದ ಹೆಂಗಸೊಬ್ಬಳು ಬಹಳ ಹೊತ್ತಿನಿಂದ ನಿಂತಿದ್ದಳು. ನಾನು ಹತ್ತಿರ ಹೋದಾಗ ತಿರುಗಿದಳು.

"ಇದು ನಮ್ಮ ತವರಮನಿರಿ. ನಮ್ಮವ್ವ ದಿನಾ ಮುಂಜಾನೆ ಇಲ್ಲೇ ಕೂಡತಿದ್ಲು. ಆಕಿದು ಒಂದೂ ಫೋಟೊ ಇಲ್ರಿ ನಮ್ಮ ಕಡೆ. ಆವತ್ತು ಆಕಿ ಇರಲಿಲ್ಲೇನ್ರಿ?"

ಇರಲಿಲ್ಲ ಎಂದರೆ ಮುಗಿದುಹೋಗುತ್ತಿತ್ತು.

"ಇದ್ಲು," ಎಂದೆ. "ಫೋಟೊ ತಗೀ ಅಂತ ಕೇಳಿದ್ಲು. ನಾನಽ ಎಬ್ಬಿಸಿ ಕಳಿಸಿದೆ."

ಅವಳು ಸಿಟ್ಟಾಗಲಿಲ್ಲ. ಆಗಿದ್ದರೆ ನನಗೆ ಹಗುರವಾಗುತ್ತಿತ್ತು.

"ಹೊಸ ಊರಿಗೆ ಬಂದು ಎರಡು ತಿಂಗಳಿಗೇ ಹೋದ್ಲು," ಎಂದಳು. ಆಮೇಲೆ, "ಇರಲಿ ಬಿಡ್ರಿ. ನಿಮಗ ಕಟ್ಟಿ ಬೇಕಾಗಿತ್ತು, ಕಟ್ಟಿ ಸಿಕ್ಕೈತಿ," ಎಂದು ಮುಂದಿನ ಚಿತ್ರಕ್ಕೂ ಹೋಗದೆ ಹೊರಗೆ ನಡೆದಳು.

ಮನೆಗೆ ಬಂದು ಎರಡು ದಿನ ನೆಗೆಟಿವ್‌ಗಳನ್ನೆಲ್ಲ ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಎಲ್ಲಾದರೂ ಅವಳ ಕೈಯೋ ಸೆರಗಿನ ತುದಿಯೋ ಸಿಕ್ಕೀತೆಂಬ ಆಸೆ. ಏನೂ ಇರಲಿಲ್ಲ. ಚಿತ್ರದ ಅಂಚುಗಳನ್ನು ನಾನು ಅಷ್ಟು ಜಾಗ್ರತೆಯಿಂದ ಕಾದಿದ್ದೆ.

ಮೂರನೆಯ ದಿನ ಹೆಂಡತಿ ಏನು ಹುಡುಕುತ್ತಿದ್ದೀರಿ ಎಂದು ಕೇಳಿದಳು. ನಡೆದದ್ದನ್ನು ಹೇಳಿದೆ. ಅವಳು ನೆಗೆಟಿವ್‌ಗಳ ರಾಶಿಯನ್ನೊಮ್ಮೆ ನೋಡಿದಳು.

"ಇದರಾಗ ನಂದರ ಫೋಟೊ ಎಲ್ಲೈತ್ರಿ?"

ಮನೆಯಲ್ಲಿ ನಾನು ಹೂವಿನದೋ ಹಿತ್ತಾಳೆ ತಂಬಿಗೆಯದೋ ಚಿತ್ರ ತೆಗೆಯುವಾಗ, ಬೆಳಕು ತಿರುಗಿಸಲು ಬಿಳಿ ರಟ್ಟು ಹಿಡಿದು ಚೌಕಟ್ಟಿನ ಹೊರಗೆ ನಿಲ್ಲುತ್ತಿದ್ದವಳು ಅವಳೇ. ಕೈ ಸೋತರೂ ಇಳಿಸುತ್ತಿರಲಿಲ್ಲ.

ನಾನು ಎದ್ದು ಕ್ಯಾಮೆರಾ ತಂದೆ. "ಈ ಕಡೆ ಬಾ, ಕಿಟಕಿ ಹತ್ರ ನಿಲ್ಲು," ಎಂದೆ.

"ಈಗ ಬ್ಯಾಡ್ರಿ," ಎಂದಳು. "ತಗೀಬೇಕಾದಾಗ ತಗೀಲಿಲ್ಲ."

ಇನ್ನೆರಡು ಸಲ ಕರೆದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಗಿತ್ತು.